1965ರ ಮಸ್ಟಾಂಗ್‌ಗೆ ಹೊಸ ಹೈಡ್ರಾಲಿಕ್ ಕಿಟ್: ಸಿಲಿಂಡರ್‌ಗೆ ಒಂಬತ್ತು, ಸ್ವಿಚ್ಚಿಗೆ ಮೂರು

ಕನ್ವರ್ಟಿಬಲ್ ಎಂದರೆ ಚಾವಣಿ ಮಡಿಸಬಹುದಾದ ಕಾರು. ಆ ಚಾವಣಿಯನ್ನು, ಅಂದರೆ ಟಾಪನ್ನು, ಆಯಿಲಿನ ಒತ್ತಡದಿಂದ ಎತ್ತಿ ಇಳಿಸುವ ಭಾಗಗಳ ಕಿಟ್ ಇದು. ಅದರ ಅಂಕಪಟ್ಟಿಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ಅವಸರದಲ್ಲಿರುವವರು ಇಷ್ಟು ಓದಿ ಹೋಗಬಹುದು. ಸಿಲಿಂಡರ್‌ಗಳಿಗೆ ಹತ್ತಕ್ಕೆ ಒಂಬತ್ತು. ಹೋಸ್‌ಗಳಿಗೆ ಎಂಟು. ಪಂಪಿಗೆ ಏಳು. ಸ್ವಿಚ್ಚಿಗೆ ಮೂರು, ಅದೂ ದಾಕ್ಷಿಣ್ಯಕ್ಕೆ. ಜೊತೆಗಿಟ್ಟ ಸೂಚನೆಯ ಹಾಳೆಗೆ ಸೊನ್ನೆ. ಇಡೀ ಕಿಟ್‌ಗೆ ಒಟ್ಟು ಎಷ್ಟು ಎಂದು ಮಾತ್ರ ಕೇಳಬೇಡಿ. ಹಳೆಯ ಕನ್ವರ್ಟಿಬಲ್‌ನ ಟಾಪ್ ಏಳದೆ ಮೊಂಡು ಹಿಡಿಯುವುದಕ್ಕೆ ಈ ಪೆಟ್ಟಿಗೆಯಲ್ಲಿ ಬರುವ ಭಾಗಗಳು ಎಷ್ಟು ಕಾರಣವೋ, ಪೆಟ್ಟಿಗೆಯಲ್ಲಿ ಬಾರದ ಭಾಗಗಳೂ ಅಷ್ಟೇ ಕಾರಣ. ಅವನ್ನು ಮುಟ್ಟದೆ ಕಿಟ್ ಮಾತ್ರ ಬದಲಿಸಿದವರಿಗೆ ಹೊಸ ಪಂಪಿನ ಸದ್ದು ಕೇಳುವ ಭಾಗ್ಯವಷ್ಟೇ ಸಿಗುತ್ತದೆ.

ಮಾರಿದವರ ಹೆಸರು ಬರೆಯುತ್ತಿಲ್ಲ. ಹೊಗಳಿಕೆಯೂ ಇದೆ, ದೂರೂ ಇದೆ. ಹೆಸರು ಹಾಕಿದರೆ ಓದುವವರು ಎರಡರಲ್ಲಿ ಒಂದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಇಂಥ ಕಿಟ್ ಮಾರುವವರು ಹಲವರಿದ್ದಾರೆ. ಯಾರಿಂದ ಕೊಂಡರೂ ನೋಡಬೇಕಾದದ್ದು ಹೆಚ್ಚುಕಡಿಮೆ ಇದನ್ನೇ.

ಕಾರು ನನ್ನದಲ್ಲ, ಚಿಕ್ಕಪ್ಪನದು. 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್. ಮಸ್ಟಾಂಗ್ 1964ರ ಏಪ್ರಿಲ್‌ನಲ್ಲಿ ಹೊರಬಂದಾಗ ಟಾಪನ್ನು ಕೈಯಿಂದ ಎತ್ತಿ ಮಡಿಸುವುದೇ ಮಾಮೂಲು ವ್ಯವಸ್ಥೆ. ಮೋಟಾರಿನಿಂದ ಏಳುವ ಟಾಪ್ ಬೇಕೆಂದವರು ಬೇರೆ ಹಣ ತೆತ್ತು ಹಾಕಿಸಿಕೊಳ್ಳಬೇಕಿತ್ತು. ಈ ಕಾರಿನ ಮೊದಲ ಒಡೆಯರು ತೆತ್ತಿದ್ದರು. ಅದರ ಸುಖ ಚಿಕ್ಕಪ್ಪನವರೆಗೆ ಬರುವಷ್ಟರಲ್ಲಿ ಹಿಂದಿನ ಸೀಟಿನ ಕೆಳಗೆ ಆಯಿಲ್ ಹರಿದು ಕಾರ್ಪೆಟ್ ಅಂಟಂಟಾಗಿತ್ತು. ಸ್ವಿಚ್ ಒತ್ತಿದರೆ ಮೋಟಾರ್ ನರಳುತ್ತಿತ್ತು, ಟಾಪ್ ಒಂದು ಗೇಣು ಎದ್ದು ನಿಲ್ಲುತ್ತಿತ್ತು. ಅದೂ ಎಡಗಡೆ ಮಾತ್ರ.

ನಾನು ಕಾರು ಮೆಕ್ಯಾನಿಕ್ ಅಲ್ಲ. ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್‌ಗಳ ದುರಸ್ತಿ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಸೋರುವ ಸಿಲಿಂಡರ್ ಕಂಡರೆ ಕೈ ತಡೆಯುವುದಿಲ್ಲ. ಚಿಕ್ಕಪ್ಪನಿಗೆ ಇದು ಚೆನ್ನಾಗಿ ಗೊತ್ತು. "ನೀನು ಸುಮ್ಮನೆ ಒಮ್ಮೆ ನೋಡು, ಬಿಚ್ಚಬೇಕಾಗಿಲ್ಲ" ಎಂದು ಕರೆದವರು ಅಷ್ಟರಲ್ಲಾಗಲೇ ಕಿಟ್ ತರಿಸಿ ಇಟ್ಟುಕೊಂಡಿದ್ದರು.

ವ್ಯವಸ್ಥೆ ಸರಳವಾದದ್ದು. ಹಿಂದಿನ ಸೀಟಿನ ಬೆನ್ನಿನ ಹಿಂದೆ ಒಂದು ಮೋಟಾರ್, ಅದರ ಮೂತಿಗೆ ಪಂಪ್, ಪಂಪಿಗೆ ಅಂಟಿಕೊಂಡ ಸಣ್ಣ ಆಯಿಲ್ ಟ್ಯಾಂಕ್. ಎರಡೂ ಪಕ್ಕದ ತಗಡಿನ ಮರೆಯಲ್ಲಿ ಒಂದೊಂದು ಸಿಲಿಂಡರ್. ಮೋಟಾರ್ ಒಂದು ದಿಕ್ಕಿಗೆ ತಿರುಗಿದರೆ ಆಯಿಲ್ ಎರಡೂ ಸಿಲಿಂಡರ್‌ಗಳ ಕೆಳಭಾಗಕ್ಕೆ ನುಗ್ಗಿ ರಾಡ್‌ಗಳನ್ನು ಹೊರಗೆ ತಳ್ಳುತ್ತದೆ, ಟಾಪ್ ಏಳುತ್ತದೆ. ಮೇಲ್ಭಾಗದಲ್ಲಿದ್ದ ಆಯಿಲ್ ಇನ್ನೊಂದು ಹೋಸಿನಲ್ಲಿ ಪಂಪಿಗೆ ಮರಳುತ್ತದೆ. ಮೋಟಾರ್ ಉಲ್ಟಾ ತಿರುಗಿದರೆ ಎಲ್ಲವೂ ಉಲ್ಟಾ. ವಾಲ್ವ್‌ಗಳ ಜಂಜಾಟವಿಲ್ಲ, ದಿಕ್ಕು ನಿರ್ಧರಿಸುವುದು ಮೋಟಾರೇ. ಎರಡು ಸಿಲಿಂಡರ್‌ಗಳನ್ನು ಒಂದೇ ವೇಗದಲ್ಲಿ ಓಡಿಸುವ ಏರ್ಪಾಡು ಯಾವುದೂ ಇಲ್ಲ ಎಂಬುದನ್ನು ಗಮನಿಸಿ. ಎರಡನ್ನೂ ಜೊತೆಯಾಗಿ ಹಿಡಿದಿರುವುದು ಟಾಪಿನ ಕಬ್ಬಿಣದ ಚೌಕಟ್ಟು ಮಾತ್ರ. ಬಲಗಡೆಯ ಕೀಲು ಬಿಗಿಯಾಗಿದ್ದರೆ ಆಯಿಲ್ ಸುಲಭದ ದಾರಿ ಹಿಡಿದು ಎಡಕ್ಕೆ ಹೋಗುತ್ತದೆ, ಎಡಗಡೆ ಮೊದಲು ಏಳುತ್ತದೆ, ಚೌಕಟ್ಟು ತಿರುಚಿಕೊಳ್ಳುತ್ತದೆ. ಚಿಕ್ಕಪ್ಪನ ಕಾರಿನಲ್ಲಿ ಆಗುತ್ತಿದ್ದದ್ದು ಇದೇ.

ಪೆಟ್ಟಿಗೆಯಲ್ಲಿ ಬಂದದ್ದು ಮೋಟಾರ್, ಪಂಪ್ ಮತ್ತು ಟ್ಯಾಂಕ್ ಜೋಡಿಸಿದ ಒಂದು ಘಟಕ, ಎರಡು ಸಿಲಿಂಡರ್, ಹೋಸ್‌ಗಳ ಸೆಟ್, ಸ್ವಿಚ್, ರಬ್ಬರ್ ಗ್ರೊಮೆಟ್‌ಗಳು (ಮೋಟಾರ್ ಕೂರುವ ರಬ್ಬರ್ ಬಳೆಗಳು), ಪಿನ್ ಮತ್ತು ಬುಶ್‌ಗಳ (ಪಿನ್ ತಿರುಗುವ ಸಣ್ಣ ಕೊಳವೆಗಳ) ಒಂದು ಪೊಟ್ಟಣ, ಮತ್ತೆ ಆ ಹಾಳೆ. ಪ್ಯಾಕಿಂಗ್ ಅಚ್ಚುಕಟ್ಟಾಗಿತ್ತು. ಹೋಸ್‌ಗಳ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದರು, ಸಿಲಿಂಡರ್‌ಗಳ ಬಾಯಿಗೂ ಹಾಕಿದ್ದರು. ಹೈಡ್ರಾಲಿಕ್ ಕೆಲಸ ಗೊತ್ತಿರುವವರು ಕಳಿಸಿದ್ದಾರೆ ಎನ್ನುವುದಕ್ಕೆ ಈ ಟೋಪಿಗಳೇ ಸಾಕ್ಷಿ. ಟೋಪಿ ಇಲ್ಲದೆ ಬಂದ ಹೋಸನ್ನು ನಾನು ಪಂಪಿಗೆ ಹಾಕುವುದಿಲ್ಲ.

ಪೆಟ್ಟಿಗೆಯನ್ನು ಬದಿಗಿಟ್ಟು ಮೊದಲು ಕಾರನ್ನು ಪರೀಕ್ಷಿಸಿದೆ. ಚಿಕ್ಕಪ್ಪನಿಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ.

"ಹೊಸ ಪಂಪ್ ಬಂದಿದೆಯಲ್ಲ, ಹಾಕಿ ಒತ್ತಿ ನೋಡಬಾರದೇನು?"

"ಹಾಕಬಹುದು ಚಿಕ್ಕಪ್ಪ. ಚೌಕಟ್ಟು ಮುರಿದರೆ ಅದೊಂದನ್ನು ನೀವೇ ಹುಡುಕಿಕೊಡಬೇಕು."

ಆಮೇಲೆ ಅವರು ಸ್ಟೂಲ್ ಎಳೆದುಕೊಂಡು ಕುಳಿತರು.

ಸೀಟು ತೆಗೆದು, ಪಕ್ಕದ ಟ್ರಿಮ್ ತೆಗೆದು, ಸಿಲಿಂಡರ್‌ಗಳ ಮೇಲ್ತುದಿಯ ಪಿನ್ ಕಳಚಿದರೆ ಚೌಕಟ್ಟಿಗೂ ಹೈಡ್ರಾಲಿಕ್ಕಿಗೂ ಸಂಬಂಧ ಕಡಿದುಹೋಗುತ್ತದೆ. ಈಗ ಇಬ್ಬರು ಎರಡು ಪಕ್ಕ ನಿಂತು ಟಾಪನ್ನು ಕೈಯಿಂದ ಎತ್ತಿ ನೋಡಬೇಕು. ಭಾರ ಇರುತ್ತದೆ, ಅದು ಸಹಜ. ಆದರೆ ಎಲ್ಲಿಯೂ ಕಚ್ಚಿಕೊಳ್ಳಬಾರದು, ಜಗ್ಗಬಾರದು. ನಮ್ಮದು ಬಲಗಡೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡಿತು. ಹಳೆಯ ಕೊಡೆಯ ಒಂದು ಕಡ್ಡಿ ತುಕ್ಕು ಹಿಡಿದರೆ ಇಡೀ ಕೊಡೆ ಹೇಗೆ ಓರೆಯಾಗಿ ಬಿಚ್ಚಿಕೊಳ್ಳುತ್ತದೋ ಹಾಗೆ. ಮುಖ್ಯ ಕೀಲಿನ ಬುಶ್ ಸವೆದು, ಬೋಲ್ಟ್ ಓರೆಯಾಗಿ ಕುಳಿತು, ಪಕ್ಕದ ಪಟ್ಟಿಗೆ ಉಜ್ಜುತ್ತಿತ್ತು. ಉಜ್ಜಿದ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ತುಕ್ಕು ಹಿಡಿದ ಚೌಕಟ್ಟಿನಲ್ಲಿ ಹೊಳೆಯುವ ಜಾಗ ಕಂಡರೆ ತೊಂದರೆ ಅಲ್ಲೇ ಇದೆ ಎಂದು ತಿಳಿಯಿರಿ. ಕಿಟ್‌ನಲ್ಲಿ ಬಂದ ಬುಶ್‌ಗಳು ಸಿಲಿಂಡರ್ ಪಿನ್‌ಗಳಿಗೆ ಮಾತ್ರ. ಚೌಕಟ್ಟಿನ ಕೀಲುಗಳಿಗೆ ಬೇಕಾದ ಬುಶ್‌ಗಳನ್ನು ಲೇತ್‌ನಲ್ಲಿ ಕಂಚಿನಿಂದ ಕಡೆಸಿದೆ. ಚೌಕಟ್ಟನ್ನು ಕೈಯಿಂದ ಎತ್ತಿ ನೋಡುವ ಈ ಪರೀಕ್ಷೆಯ ಬಗ್ಗೆ ಸೂಚನೆಯ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ನನ್ನ ಸೊನ್ನೆಗೆ ಮೊದಲ ಕಾರಣ ಇದು.

ಎರಡನೆಯದು ಕರೆಂಟು. ಈ ಮೋಟಾರ್ ಎಳೆಯುವ ಕರೆಂಟು ಸಣ್ಣದಲ್ಲ. ಅಷ್ಟನ್ನು ಹಳೆಯ ವೈರು, ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು ಎಲ್ಲವನ್ನೂ ದಾಟಿಸಿ ತರಬೇಕು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದ ಮಾತ್ರಕ್ಕೆ ಮೋಟಾರಿಗೆ ಅಷ್ಟೇ ತಲುಪುತ್ತಿದೆ ಎಂದು ನಂಬುವ ಹಾಗಿಲ್ಲ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಮೋಟಾರಿನ ಟರ್ಮಿನಲ್‌ಗೆ ಹಿಡಿದು, ಬೇರೊಬ್ಬರಿಂದ ಸ್ವಿಚ್ ಒತ್ತಿಸಿ. ಮೀಟರ್ ತೋರಿಸುವುದೇ ದಾರಿಯಲ್ಲಿ ಸೋರಿಹೋಗುತ್ತಿರುವ ವೋಲ್ಟೇಜ್. ನಮ್ಮಲ್ಲಿ 2 ವೋಲ್ಟ್‌ಗಿಂತ ಹೆಚ್ಚು. ಹಾಗೆಯೇ ಮೋಟಾರಿನ ಮೈಗೂ ಬ್ಯಾಟರಿಯ ಮೈನಸ್‌ಗೂ ಹಿಡಿದರೆ ಅಲ್ಲಿ ಇನ್ನೊಂದು ವೋಲ್ಟ್. ಮೋಟಾರ್ ರಬ್ಬರ್ ಗ್ರೊಮೆಟ್‌ಗಳ ಮೇಲೆ ಕೂರುವುದರಿಂದ ಅದರ ಮೈ ಕಾರಿನ ಮೈಗೆ ತಾಗುವುದಿಲ್ಲ. ಅರ್ಥಿಂಗ್‌ಗೆ ಒಂದು ಪ್ರತ್ಯೇಕ ವೈರು ಬೇಕೇ ಬೇಕು, ಆ ವೈರಿನ ತುದಿಯ ತಗಡು ಬಣ್ಣ ಕೆರೆದು ಬೆಳ್ಳಗಿರಬೇಕು. ಹಿಂದೆ ಯಾರೋ ಕಾರಿಗೆ ಬಣ್ಣ ಹೊಡೆಸಿದಾಗ ಬೋಲ್ಟಿನ ಕೆಳಗೂ ಬಣ್ಣ ಬಳಿದು ಬಿಗಿದಿದ್ದರು. ಚಾಕುವಿನಿಂದ ಕೆರೆದು ಬಿಗಿದಾಗ ಹಳೆಯ ಮೋಟಾರಿನ ನರಳಿಕೆಯೇ ಅರ್ಧ ಇಳಿಯಿತು. ಪಂಪು ಬದಲಿಸುವ ಮೊದಲೇ!

ಟಾಪ್ ನಡುವೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದರೆ ಚಲಿಸುತ್ತದೆ ಎಂದಾದರೆ ಪಂಪನ್ನು ಬೈಯಬೇಡಿ. ಇಂಥ ಸರ್ಕ್ಯೂಟ್‌ಗಳಲ್ಲಿ ಫ್ಯೂಸಿನ ಬದಲು ತಾನೇ ಮರಳಿ ಕೂಡಿಕೊಳ್ಳುವ ಬ್ರೇಕರ್ ಇರುತ್ತದೆ. ಬಿಸಿಯಾದಾಗ ಕಡಿದುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಅದು ಕಡಿದುಕೊಳ್ಳುತ್ತಿದೆ ಎಂದರೆ ಮೋಟಾರ್ ಮಿತಿ ಮೀರಿ ಎಳೆಯುತ್ತಿದೆ, ಅಂದರೆ ಎಲ್ಲೋ ಏನೋ ಕಚ್ಚಿಕೊಂಡಿದೆ. ಮತ್ತೆ ಚೌಕಟ್ಟಿಗೇ ಬಂದೆವು.

ಇನ್ನು ಹಳೆಯ ಸಿಲಿಂಡರ್‌ಗಳ ವಿಷಯ. ಬಲಗಡೆಯದನ್ನು ಹೊರತೆಗೆದು, ರಾಡನ್ನು ಪೂರ್ತಿ ಎಳೆದು, ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ. ಬುಡದ ಕಡೆ ಕ್ರೋಮ್ ಕನ್ನಡಿಯಂತಿತ್ತು. ತುದಿಯಿಂದ ನಾಲ್ಕು ಬೆರಳು ಕೆಳಗೆ ಸಾಸಿವೆಗಿಂತ ಚಿಕ್ಕ ಗುಳಿಗಳ ಒಂದು ಸಾಲು. ಒಂದೊಂದರ ಸುತ್ತ ಕಂದು ಬಣ್ಣದ ಉಂಗುರ. ಉಗುರಿನಿಂದ ಸವರಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ರಾಡ್ ಪ್ರತಿ ಸಲ ಒಳಹೊರಗೆ ಆಡುವಾಗ ಈ ಗುಳಿಗಳ ಅಂಚು ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಸೀಲಿನ ತುಟಿಯನ್ನು ಕೆರೆಯುತ್ತಾ ಬಂದಿದೆ. ಸೀಲ್ ಗಟ್ಟಿಯಾಗಿ, ಅಂಚು ಒಡೆದು, ಆಯಿಲ್ ಅಲ್ಲಿಂದಲೇ ಇಳಿದು ಕಾರ್ಪೆಟ್ ಸೇರಿದೆ. ಇಂಥ ರಾಡಿಗೆ ಹೊಸ ಸೀಲ್ ಹಾಕುವುದು ವ್ಯರ್ಥ. ಆ ಗುಳಿಗಳೇ ಅದನ್ನೂ ತಿಂದುಹಾಕುತ್ತವೆ. ಮೇಲಾಗಿ ನಮ್ಮ ಸಿಲಿಂಡರ್‌ಗಳ ಬಾಯಿ ಒತ್ತಿ ಮುಚ್ಚಿದ್ದು, ಸ್ಪ್ಯಾನರ್ ಹಾಕಿ ಬಿಚ್ಚುವಂಥದ್ದಲ್ಲ. ಆದ್ದರಿಂದ ಕಿಟ್‌ನ ಸಿಲಿಂಡರ್‌ಗಳು ಇಲ್ಲಿ ನಿಜವಾಗಿಯೂ ಬೇಕಾಗಿದ್ದವು.

ಮತ್ತು ಅವು ಚೆನ್ನಾಗಿವೆ. ರಾಡ್‌ನ ಕ್ರೋಮ್ ಸಮನಾಗಿದೆ, ಬೆಳಕಿಗೆ ಹಿಡಿದು ತಿರುಗಿಸಿದರೆ ಎಲ್ಲಿಯೂ ಅಲೆ ಕಾಣುವುದಿಲ್ಲ. ಉದ್ದ, ಚಲನೆಯ ಅಳತೆ, ಪಿನ್ನಿನ ರಂಧ್ರ ಎಲ್ಲವನ್ನೂ ಹಳೆಯದರ ಪಕ್ಕಕ್ಕಿಟ್ಟು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ಅಂಕ ಕಡಿದದ್ದು ಕೆಳಗಿನ ಬ್ರಾಕೆಟ್ಟಿನ ರಂಧ್ರಗಳ ಅಂಚು ಒರಟಾಗಿದ್ದುದಕ್ಕೆ. ಅರ ಹಿಡಿದು ಸವರಿದರೆ ಆಯಿತು, ಆದರೆ ಹೊಸ ವಸ್ತುವಿಗೆ ಅರ ಹಿಡಿಯುವ ಕೆಲಸ ಕೊಂಡವರದಾಗಬಾರದು.

ಹೋಸ್‌ಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಬಗ್ಗಿಸಿದರೆ ಚಪ್ಪಟೆಯಾಗುವುದಿಲ್ಲ, ನಟ್‌ಗಳು ಕೈಯಿಂದಲೇ ಅರ್ಧ ದಾರಿ ತಿರುಗುತ್ತವೆ. ತಕರಾರು ಗುರುತಿನ ಬಗ್ಗೆ. ಮೇಲ್ಭಾಗಕ್ಕೆ ಹೋಗುವ ಹೋಸ್ ಯಾವುದು, ಕೆಳಭಾಗದ್ದು ಯಾವುದು ಎಂದು ಒಂದು ಬಣ್ಣದ ಚುಕ್ಕೆಯೂ ಇಲ್ಲ. ಹಾಳೆಯಲ್ಲಿ ಎಡ, ಬಲ ಎಂದಿದೆ, ಯಾರ ಎಡ? ಡ್ರೈವರ್ ಸೀಟಿನಲ್ಲಿ ಮುಂದೆ ನೋಡಿಕೊಂಡು ಕುಳಿತವರದೋ, ಹಿಂದಿನಿಂದ ಬಗ್ಗಿ ಕೆಲಸ ಮಾಡುವವರದೋ? ಚಿತ್ರ ಬರೆದವರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಅಡಿಬರಹ ಬರೆದವರು ಇನ್ನೊಂದನ್ನು. ಇದು ತಮಾಷೆಯ ವಿಷಯವಲ್ಲ. ಒಂದು ಪಕ್ಕದಲ್ಲಿ ಮೇಲಿನ ಮತ್ತು ಕೆಳಗಿನ ಹೋಸ್ ಅದಲುಬದಲಾದರೆ ಒಂದು ಸಿಲಿಂಡರ್ ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ನಡುವೆ ಸಿಕ್ಕಿದ ಚೌಕಟ್ಟು ಬಾಗಿಹೋಗುತ್ತದೆ. ಹಾಗಾಗಿ ನೆನಪಿಡಿ: ಹೋಸ್ ಜೋಡಿಸಿದ ಮೇಲೆ ರಾಡ್‌ಗಳನ್ನು ಚೌಕಟ್ಟಿಗೆ ಸಿಕ್ಕಿಸದೆ, ಬಿಡಿಯಾಗಿ ಓಡಿಸಿ ನೋಡಬೇಕು. ಎರಡೂ ಒಟ್ಟಿಗೆ ಹೊರಬಂದು ಒಟ್ಟಿಗೆ ಒಳಹೋದರೆ ಮಾತ್ರ ಪಿನ್ ಹಾಕಬೇಕು. ನಾನು ಹಳೆಯ ಹೋಸ್ ಬಿಚ್ಚುವ ಮುನ್ನವೇ ಬಟ್ಟೆಯ ಪಟ್ಟಿ ಕಟ್ಟಿ ಗುರುತು ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿದ್ದೆ.

ನಟ್‌ಗಳಿಗೆ ಬಿಳಿ ಟೇಪ್ ಸುತ್ತುವ ಅಭ್ಯಾಸವಿರುವವರು ಇಲ್ಲಿ ಕೈ ಕಟ್ಟಿಕೊಳ್ಳಿ. ಈ ಜೋಡಣೆಯಲ್ಲಿ ಆಯಿಲನ್ನು ತಡೆಯುವುದು ಥ್ರೆಡ್ ಅಲ್ಲ, ಒಂದಕ್ಕೊಂದು ಒತ್ತಿ ಕೂರುವ ಕೋನಾಕಾರದ ಮುಖಗಳು. ಟೇಪಿನ ಚೂರು ಒಳಗೆ ಹೋದರೆ ಪಂಪಿನ ಗಂಟಲಲ್ಲಿ ಕೂರುತ್ತದೆ.

ಆಯಿಲ್ ವಿಚಾರಕ್ಕೆ ಬರೋಣ, ಏಕೆಂದರೆ ಹಾಳೆಯಲ್ಲಿ ಬರೀ "ಸೂಕ್ತ ದ್ರವ ತುಂಬಿ" ಎಂದಷ್ಟೇ ಇದೆ. ಸೂಕ್ತ ಯಾವುದು ಎಂದು ಹೇಳಲು ಒಂದು ಸಾಲು ಸಾಕಿತ್ತು. ಈ ಕಿಟ್‌ಗೆ ಬೇಕಾದದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್, ಎಟಿಎಫ್. ಮಾರಿದವರಿಗೆ ಬರೆದು ಖಚಿತಪಡಿಸಿಕೊಂಡೆ. ಬ್ರೇಕ್ ಆಯಿಲ್ ಹಾಕಿದರೆ ಏನಾಗುತ್ತದೆ? ಎಟಿಎಫ್‌ನಂಥ ಖನಿಜ ತೈಲಕ್ಕೆಂದು ಮಾಡಿದ ರಬ್ಬರ್ ಬೇರೆ, ಗ್ಲೈಕಾಲ್ ಬ್ರೇಕ್ ಆಯಿಲ್‌ಗೆಂದು ಮಾಡಿದ ರಬ್ಬರ್ ಬೇರೆ; ಒಂದರ ಜಾಗದಲ್ಲಿ ಇನ್ನೊಂದನ್ನು ಸುರಿದರೆ ಸೀಲ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಜೊತೆಗೆ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿ ಒಳಗೆ ತುಕ್ಕು ತರುತ್ತದೆ, ಸೋರಿದರೆ ಕಾರಿನ ಬಣ್ಣವನ್ನು ಎಬ್ಬಿಸುತ್ತದೆ. ಹಾಗಿದ್ದೂ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜನರಲ್ ಮೋಟರ್ಸ್‌ನ ಕನ್ವರ್ಟಿಬಲ್‌ಗಳು ಬ್ರೇಕ್ ಆಯಿಲಿನಲ್ಲಿಯೇ ಓಡುತ್ತಿದ್ದವು. ಒಂದೇ ಪಂಪು ಟಾಪನ್ನೂ ಕಿಟಕಿಗಳನ್ನೂ ಮುಂದಿನ ಸೀಟನ್ನೂ ಆಡಿಸುತ್ತಿತ್ತು. ಆ ಕಾಲದ ಕಾರು ಇರುವವರು ಹೊಸ ಸಿಲಿಂಡರ್ ಕೊಳ್ಳುವಾಗ ಅದರ ಸೀಲ್ ಯಾವ ದ್ರವಕ್ಕೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎರಡನ್ನೂ ಬೆರೆಸುವ ಪ್ರಶ್ನೆಯೇ ಇಲ್ಲ. ಹೋಸ್, ಪಂಪ್, ಸಿಲಿಂಡರ್ ಮೂರೂ ಒಂದೇ ದ್ರವದ ಜಾತಿಯಾಗಿರಬೇಕು.

ಎಷ್ಟು ತುಂಬಬೇಕು ಎಂಬುದಕ್ಕೂ ಹಾಳೆಯಲ್ಲಿ ಉತ್ತರವಿಲ್ಲ. ತುಸು ಯೋಚಿಸಿದರೆ ಹೊಳೆಯುತ್ತದೆ. ಟಾಪ್ ಮೇಲಿದ್ದಾಗ ರಾಡ್‌ಗಳು ಸಿಲಿಂಡರಿನ ಹೊರಗಿರುತ್ತವೆ, ಒಳಗೆ ಆಯಿಲ್‌ಗೆ ಜಾಗ ಹೆಚ್ಚು, ಟ್ಯಾಂಕಿನಲ್ಲಿ ಮಟ್ಟ ಕಡಿಮೆ. ಟಾಪ್ ಮಡಿಸಿದಾಗ ರಾಡ್‌ಗಳು ಒಳಬಂದು ತಮ್ಮ ಗಾತ್ರದಷ್ಟು ಆಯಿಲನ್ನು ಟ್ಯಾಂಕಿಗೆ ಮರಳಿ ತಳ್ಳುತ್ತವೆ. ಟಾಪ್ ಎತ್ತಿಟ್ಟುಕೊಂಡು ಕುತ್ತಿಗೆಯವರೆಗೆ ತುಂಬಿದರೆ ಮಡಿಸುವಾಗ ಉಕ್ಕಿ ಕಾರ್ಪೆಟ್ ಮೇಲೆ ಬರುತ್ತದೆ. ಕಿಟ್‌ನ ಟ್ಯಾಂಕ್ ಅರೆಪಾರದರ್ಶಕ ಪ್ಲಾಸ್ಟಿಕ್ಕಿನದು, ಟಾರ್ಚ್ ಹಿಡಿದರೆ ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಹಳೆಯ ಲೋಹದ ಟ್ಯಾಂಕಿನಲ್ಲಿ ಈ ಅನುಕೂಲ ಇರಲಿಲ್ಲ. ಪಂಪಿಗೆ ಏಳು ಅಂಕ ಬಂದದ್ದರಲ್ಲಿ ಎರಡು ಈ ಪ್ಲಾಸ್ಟಿಕ್ಕಿಗೆ.

ಗಾಳಿ ಹೊರಹಾಕುವ ಕೆಲಸಕ್ಕೆ ಅವಸರ ಮಾಡುವಂತಿಲ್ಲ. ರಾಡ್‌ಗಳನ್ನು ಬಿಡಿಯಾಗಿ ಒಳಹೊರಗೆ ಓಡಿಸುತ್ತಾ, ಟ್ಯಾಂಕ್ ಬರಿದಾಗದಂತೆ ಆಯಿಲ್ ಕೊಡುತ್ತಾ ಹೋಗಬೇಕು. ಮೊದಮೊದಲು ಟ್ಯಾಂಕಿನಲ್ಲಿ ಗುಲಾಬಿ ನೊರೆ ಎದ್ದು ಪಂಪು ಕರಕರ ಎನ್ನುತ್ತದೆ. ನೊರೆ ಇಳಿಯಲು ಬಿಟ್ಟು ಮತ್ತೆ ಓಡಿಸಬೇಕು. ಕ್ರಮೇಣ ಸದ್ದು ಒಂದೇ ಶ್ರುತಿಗೆ ಬರುತ್ತದೆ, ರಾಡ್ ತಡವರಿಸದೆ ಚಲಿಸುತ್ತದೆ. ಚಿಕ್ಕಪ್ಪ ಈ ಹೊತ್ತಿಗೆ ಸ್ವಿಚ್ಚಿನ ಉಸ್ತುವಾರಿ ವಹಿಸಿಕೊಂಡಿದ್ದರು. ರಾಡ್ ಕೊನೆ ತಲುಪಿದ ಮೇಲೂ ಅವರ ಬೆರಳು ಸ್ವಿಚ್ಚಿನ ಮೇಲಿಂದ ಏಳುತ್ತಿರಲಿಲ್ಲ.

"ಬಿಡಿ ಚಿಕ್ಕಪ್ಪ, ಸಾಕು."

"ಪೂರ್ತಿ ಬಂದಿದೆಯೋ ಇಲ್ಲವೋ ನೋಡಬೇಡವೇ?"

ಬಂದಾಗಿತ್ತು. ಪಂಪಿನೊಳಗೆ ಒತ್ತಡ ಮಿತಿಮೀರದಂತೆ ಆಯಿಲನ್ನು ಸುತ್ತಿ ಬಿಡುವ ವ್ಯವಸ್ಥೆ ಇದೆ, ಕೂಡಲೇ ಏನೂ ಒಡೆಯುವುದಿಲ್ಲ. ಆದರೆ ಮೋಟಾರ್ ಬಿಸಿಯಾಗುತ್ತದೆ, ಮತ್ತು ಸ್ವಿಚ್ಚೂ ಬಿಸಿಯಾಗುತ್ತದೆ. ಆಗಲೇ ಕಿಟ್‌ನ ಸ್ವಿಚ್ಚಿನ ಯೋಗ್ಯತೆ ಹೊರಬಿತ್ತು: ಮುಟ್ಟಿದರೆ ಸುಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಎಲೆ ಹಳೆಯ ಸ್ವಿಚ್ಚಿನ ಎಲೆಗಿಂತ ತೆಳ್ಳಗಿದೆ. ಹೊರಗಿನ ನೋಟ ಮಾತ್ರ ಹಳೆಯದರ ಪಡಿಯಚ್ಚು. ನಾನು ಎರಡು ರಿಲೇ ಹಾಕಿದೆ, ಏಳುವುದಕ್ಕೊಂದು, ಇಳಿಯುವುದಕ್ಕೊಂದು; ಈ ಮೋಟಾರಿಗೆ ದಿಕ್ಕಿಗೊಂದು ವೈರು ಇರುವುದರಿಂದ ಎರಡು ಬೇಕಾಗುತ್ತದೆ. ಈಗ ಭಾರಿ ಕರೆಂಟು ಬ್ಯಾಟರಿಯಿಂದ ಬ್ರೇಕರ್ ದಾಟಿ ದಪ್ಪ ವೈರಿನಲ್ಲಿ ರಿಲೇ ಮೂಲಕ ನೇರ ಮೋಟಾರಿಗೆ ಹೋಗುತ್ತದೆ, ಸ್ವಿಚ್ಚು ರಿಲೇಗೆ ಸನ್ನೆ ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ. ಮೀಟರ್ ಹಿಡಿದಾಗ ದಾರಿಯ ನಷ್ಟ ಅರ್ಧ ವೋಲ್ಟಿಗಿಂತ ಕೆಳಗಿಳಿದಿತ್ತು. ಟಾಪ್ ಏಳುವ ವೇಗದಲ್ಲಿ ಹೊಸ ಪಂಪಿನಿಂದ ಆದ ಲಾಭಕ್ಕಿಂತ ಈ ಎರಡು ರಿಲೇಗಳಿಂದ ಆದ ಲಾಭವೇ ಹೆಚ್ಚು ಎಂದು ನನ್ನ ಲೆಕ್ಕ. ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕೆಂಬ ಪಂಥದವರು ಮೂಗು ಮುರಿಯಬಹುದು. ರಿಲೇಗಳು ಸೀಟಿನ ಕೆಳಗಿವೆ, ಕಾಣುವುದಿಲ್ಲ. ಬೇಡವೆಂದರೆ ಒಂದು ರಂಧ್ರದ ಗುರುತೂ ಇಲ್ಲದಂತೆ ತೆಗೆಯಬಹುದು.

ಪಂಪಿನ ಸದ್ದಿನ ಬಗ್ಗೆ ಒಂದು ಮಾತು. ಹೊಸದು ಹಳೆಯದಕ್ಕಿಂತ ಕೀರಲು. ಇದರಲ್ಲಿ ಅರ್ಧ ತಪ್ಪು ಗ್ರೊಮೆಟ್‌ಗಳದು. ಕಿಟ್‌ನಲ್ಲಿ ಬಂದವು ಎಷ್ಟು ಗಟ್ಟಿ ಎಂದರೆ ಬೆರಳಿನಿಂದ ಒತ್ತಿದರೆ ಜಗ್ಗುವುದೇ ಇಲ್ಲ. ಪಂಪಿನ ಕಂಪನವನ್ನು ತಡೆಯುವ ಬದಲು ನೆಲದ ತಗಡಿಗೆ ಒಪ್ಪಿಸುತ್ತವೆ. ಮೆತ್ತನೆಯ ರಬ್ಬರಿನವು ಬೇರೆ ತಂದು ಹಾಕಿದ ಮೇಲೆ ಕಾರಿನೊಳಗೆ ಮಾತಾಡಿದರೆ ಕೇಳಿಸುವಷ್ಟಾಯಿತು.

ಮಾರಿದವರ ಸೇವೆಗೆ ಮಾತ್ರ ಪೂರ್ತಿ ಅಂಕ ಕೊಡಬೇಕು. ಒಂದು ಹೋಸಿನ ತುದಿಯ ನಟ್ ಜಜ್ಜಿಹೋಗಿತ್ತು. ಚಿತ್ರ ಕಳಿಸಿದೆ, ವಾದವಿಲ್ಲದೆ ಬೇರೊಂದು ಕಳಿಸಿದರು, ಹಳೆಯದನ್ನು ಹಿಂದಿರುಗಿಸಿ ಎಂದೂ ಕೇಳಲಿಲ್ಲ. ಆಯಿಲ್ ಬಗ್ಗೆ ಕೇಳಿದಾಗ ಉತ್ತರಿಸಿದವರು ವಿಷಯ ಬಲ್ಲವರು. ಸೀಲಿನ ರಬ್ಬರ್ ಯಾವುದೆಂದು ಕೂಡ ತಾವಾಗಿಯೇ ತಿಳಿಸಿದರು. ಇಷ್ಟು ತಿಳಿದವರು ಅದನ್ನೇ ಹಾಳೆಯಲ್ಲಿ ಅಚ್ಚು ಹಾಕಿಸಲು ಏನು ಅಡ್ಡಿ ಎಂದು ಬರೆದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಟಾಪಿಗೆ ಹೊಸ ಬಟ್ಟೆ ಹಾಕಿಸುವ ಯೋಚನೆ ಇರುವವರು ಹೈಡ್ರಾಲಿಕ್ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ. ಸಿಲಿಂಡರ್ ತಲುಪಲು ಸೀಟು, ಟ್ರಿಮ್, ಟಾಪ್ ಮಡಿದು ಬೀಳುವ ಗುಂಡಿಯ ಒಳಹೊದಿಕೆ ಎಲ್ಲವನ್ನೂ ಬಿಚ್ಚಬೇಕು. ಹೊಸ ವಿನೈಲ್ ಮೇಲೆ ಕೆಂಪು ಆಯಿಲಿನ ಬೆರಳಚ್ಚು ಯಾರಿಗೂ ಬೇಡ. ಹೊಸ ಬಟ್ಟೆ ಕೆಲವು ಕಾಲ ಬಿಗಿಯಾಗಿಯೇ ಇರುತ್ತದೆ, ಮುಂದಿನ ಕೊಕ್ಕೆಗಳು ಗಾಜಿನ ಚೌಕಟ್ಟನ್ನು ಮುಟ್ಟಲು ಕೈಯಿಂದ ಎಳೆಯಬೇಕಾಗುತ್ತದೆ. ಅದನ್ನು ಪಂಪಿನ ದೌರ್ಬಲ್ಯ ಎಂದು ತಿಳಿದು ಇನ್ನೊಂದು ಪಂಪು ತರಿಸಬೇಡಿ. ಟಾಪನ್ನು ಮುಚ್ಚಿಯೇ ಇಟ್ಟರೆ ಬಟ್ಟೆ ತಾನಾಗಿ ಜಗ್ಗುತ್ತದೆ. ಮಡಿಸುವ ಮುನ್ನ ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚುವುದನ್ನು ಚಿಕ್ಕಪ್ಪನಿಗೆ ಇನ್ನೂ ನೆನಪಿಸಬೇಕಾಗುತ್ತದೆ.

ಈ ಕಿಟ್ ಯಾರಿಗೆ ಆಗಿಬರುವುದಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ "ಹಳೆಯ ಕನ್ವರ್ಟಿಬಲ್‌ಗಳಿಗೆ" ಎಂದು ಸಾರಾಸಗಟಾಗಿ ಜಾಹೀರಾತು ಕೊಡುತ್ತಾರೆ. 1939ರ ಪ್ಲಿಮತ್‌ನಲ್ಲಿ ಟಾಪ್ ಏಳುತ್ತಿದ್ದದ್ದು ಎಂಜಿನ್ನಿನ ನಿರ್ವಾತದ ಎಳೆತದಿಂದ; ಅಲ್ಲಿ ಆಯಿಲಿಗೆ ಕೆಲಸವೇ ಇಲ್ಲ. 1957ರಿಂದ 59ರವರೆಗೆ ಬಂದ ಫೋರ್ಡ್ ಸ್ಕೈಲೈನರ್‌ನ ತಗಡಿನ ಚಾವಣಿ ಪೂರ್ತಿ ವಿದ್ಯುತ್ ಮೋಟಾರ್ ಮತ್ತು ಸ್ಕ್ರೂ ಜ್ಯಾಕ್‌ಗಳಿಂದ ಆಡುತ್ತದೆ. ಅದರಲ್ಲೂ ಹೈಡ್ರಾಲಿಕ್ ಇಲ್ಲ. 1961ರಿಂದ 67ರವರೆಗಿನ ನಾಲ್ಕು ಬಾಗಿಲಿನ ಲಿಂಕನ್ ಕಾಂಟಿನೆಂಟಲ್‌ನಲ್ಲಿ ಹೈಡ್ರಾಲಿಕ್ ಇದೆ ನಿಜ, ಆದರೆ ಅಲ್ಲಿ ಡಿಕ್ಕಿಯ ಮುಚ್ಚಳ ತಾನೇ ತೆರೆದು, ಟಾಪನ್ನು ನುಂಗಿ, ಮತ್ತೆ ಮುಚ್ಚಿಕೊಳ್ಳಬೇಕು. ಒಂದು ಹೆಜ್ಜೆ ಮುಗಿಯದೆ ಇನ್ನೊಂದು ಶುರುವಾಗದಂತೆ ಸ್ವಿಚ್ಚು ರಿಲೇಗಳ ಸರಮಾಲೆಯೇ ಇದೆ. ಆ ಕಾರಿನಲ್ಲಿ ಟಾಪ್ ನಿಂತರೆ ಮೀಟರ್ ಹಿಡಿದು ವೈರಿಂಗ್ ನಕ್ಷೆಯ ಮುಂದೆ ಕೂರಬೇಕೇ ಹೊರತು ಕಿಟ್ ಮುಂದೆ ಅಲ್ಲ.

ಮಸ್ಟಾಂಗ್‌ನಂಥ ಸರಳ ಕಾರು ಇರುವವರು ಕೇಳಿದರೆ ನನ್ನ ಸಲಹೆ: ಪೂರ್ತಿ ಕಿಟ್ ಬೇಡ. ಸಿಲಿಂಡರ್‌ಗಳನ್ನೂ ಹೋಸ್‌ಗಳನ್ನೂ ಬಿಡಿಯಾಗಿ ಮಾರುತ್ತಾರೆ, ಅಷ್ಟು ತರಿಸಿಕೊಳ್ಳಿ. ಹಳೆಯ ಮೋಟಾರ್ ತಿರುಗುತ್ತಿದ್ದರೆ ಬಿಚ್ಚಿಸಿ, ಕಾರ್ಬನ್ ಬ್ರಷ್ ಹಾಕಿಸಿ, ಪಂಪಿನೊಳಗಿನ ಕೆಸರು ತೊಳೆಸಿ, ಸೀಲ್ ಬದಲಿಸಿ. ನಮ್ಮ ಹಳೆಯ ಪಂಪನ್ನು ಹಾಗೆಯೇ ಮಾಡಿ ಬೆಂಚಿನ ಮೇಲೆ ಓಡಿಸಿ ನೋಡಿದೆ, ಹೊಸದಕ್ಕಿಂತ ಮೆಲುದನಿ. ಹಳೆಯ ಸ್ವಿಚ್ಚನ್ನು ಸ್ವಚ್ಛಗೊಳಿಸಿ ರಿಲೇ ಜೊತೆ ಬಳಸಿ. ಚಿಕ್ಕಪ್ಪ ಹೊಸ ಪಂಪನ್ನೇ ಕಾರಿನಲ್ಲಿ ಉಳಿಸಿಕೊಂಡಿದ್ದಾರೆ, ಹಣ ಕೊಟ್ಟದ್ದಕ್ಕೆ. ಹಳೆಯದು ನನ್ನ ಕಪಾಟಿನಲ್ಲಿದೆ, ಹೊಸದು ಕೈಕೊಟ್ಟ ದಿನ ಹಾಕುವುದಕ್ಕೆ.